ಯಾವ ಚಕ್ರ ಕಾರನ್ನು ಓಡಿಸಬೇಕು? ಅಂಬಾಸಿಡರ್ ಕಲಿಸುವ ಪಾಠ

ಉತ್ತರ ಕನ್ನಡದ ಕರಾವಳಿಯಿಂದ ಮಲೆನಾಡಿಗೆ ಹೋಗಬೇಕಾದರೆ ಘಟ್ಟ ಹತ್ತದೆ ಗತಿಯಿಲ್ಲ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆಯ ಏರು, ಭಟ್ಕಳದಿಂದ ಕಾರ್ಗಲ್ ಕಡೆಗೆ ಕೋಗಾರು ಘಟ್ಟ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡರೂ ಅದು ಸಾಗುವುದು ಕರಾವಳಿಯ ಗುಂಟ. ಘಟ್ಟಕ್ಕೆ ಇಂದಿಗೂ ರಸ್ತೆಯೇ ದಾರಿ. ಬಾಡಿಗೆ ಕಾರು ಓಡಿಸಿದ ಹಿರಿಯ ಚಾಲಕರ ಬಾಯಲ್ಲಿ ಇಲ್ಲಿ ಒಂದು ಮಾತು ಕೇಳಿಬರುತ್ತದೆ: ಘಟ್ಟಕ್ಕೆ ಹಿಂದಿನ ಚಕ್ರದಿಂದ ಓಡುವ ಗಾಡಿಯೇ ಸೈ. ಹಾಗೆನ್ನುವಾಗ ಅವರ ಮನಸ್ಸಿನಲ್ಲಿರುವುದು ಅಂಬಾಸಿಡರ್. ಈ ಮಾತಿನಲ್ಲಿ ನಿಜವೆಷ್ಟು? ನಿಜವೇ ಆಗಿದ್ದರೆ ಆ ಕಾರಿನ ತಯಾರಿಕೆ ನಿಂತದ್ದೇಕೆ?

ಹಳೆಯ ವಿನ್ಯಾಸ

ಎಂಜಿನ್ ಮುಂದೆ, ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು: ಈ ವ್ಯವಸ್ಥೆಯನ್ನು 1891ರಲ್ಲಿ ಫ್ರಾನ್ಸಿನ ಪ್ಯಾನ್ಹಾರ್ಡ್-ಲೆವಾಸರ್ ಕಂಪೆನಿ ರೂಢಿಗೆ ತಂದಿತು. ಗೇರ್‌ಪೆಟ್ಟಿಗೆಯಿಂದ ಹೊರಟ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಕಾರಿನ ತಳದಲ್ಲಿ ಹಾಯ್ದು ಹಿಂದಿನ ಡಿಫರೆನ್ಷಿಯಲ್ ಅನ್ನು ತಿರುಗಿಸುತ್ತದೆ. ಮುಂದಿನ ಚಕ್ರಗಳು ದಿಕ್ಕು ಬದಲಿಸುವ ಕೆಲಸವನ್ನಷ್ಟೇ ಮಾಡುತ್ತವೆ. ಚಕ್ರ ಓರೆಯಾಗಿದ್ದಾಗಲೂ ಅದಕ್ಕೆ ಒಂದೇ ಸಮನೆ ಶಕ್ತಿ ತಲುಪಿಸಬಲ್ಲ ಕೀಲನ್ನು ಅಗ್ಗವಾಗಿ ಮಾಡುವುದು ಬಹುಕಾಲ ಕಷ್ಟವಾಗಿತ್ತು. ಹೀಗಾಗಿ ಜಗತ್ತಿನ ಬಹುಪಾಲು ಕಾರುಗಳು ಹಿಂಚಕ್ರ ಚಾಲನೆಯವೇ ಆಗಿದ್ದವು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿ ಹಿಂದೂಸ್ಥಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ 1957-58ರಿಂದ ತಯಾರಿಸಿದ ಅಂಬಾಸಿಡರ್ ಅಂಥದ್ದು. ಮುಂಬಯಿಯ ಪ್ರೀಮಿಯರ್ ಪದ್ಮಿನಿ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಸಹ ಅದೇ ಜಾತಿಯವು.

ಘಟ್ಟದ ಲೆಕ್ಕ

ಚಕ್ರ ಜಾರದೆ ಎಷ್ಟು ಬಲ ಹಾಕಬಲ್ಲದೆಂಬುದು ಎರಡು ಅಂಶಗಳ ಗುಣಲಬ್ಧ: ಆ ಚಕ್ರದ ಮೇಲಿರುವ ಭಾರ ಮತ್ತು ನೆಲ-ಟಯರ್ ನಡುವಿನ ಘರ್ಷಣಾಂಕ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯೊಂದನ್ನು ಊಹಿಸಿಕೊಳ್ಳಿ. ಅದನ್ನು ಹತ್ತಲು ಕಾರಿನ ತೂಕದ ಸುಮಾರು ಶೇ. 10ರಷ್ಟು ಬಲ ಬೇಕು. ಮಳೆಗಾಲದ ಕೆಸರಿನಲ್ಲಿ ಘರ್ಷಣಾಂಕ 0.2 ಎನ್ನೋಣ.

ಏರಿನಲ್ಲಿ ಭಾರದ ಒಂದು ಪಾಲು ಹಿಂದಕ್ಕೆ ಸರಿಯುತ್ತದೆ. ಅಂಬಾಸಿಡರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.46 ಮೀಟರ್. ಗುರುತ್ವಕೇಂದ್ರದ ಎತ್ತರ 0.6 ಮೀಟರ್ ಎಂದು ಹಿಡಿದರೆ, ಹೀಗೆ ಸರಿಯುವ ಪಾಲು ತೂಕದ ಸುಮಾರು ಶೇ. 2.4.

ಚಾಲಕನೊಬ್ಬನೇ ಇದ್ದಾಗ ಹಿಂಚಕ್ರಗಳ ಮೇಲೆ ಶೇ. 45 ಭಾರವಿದೆ ಎನ್ನಿ. ಏರಿನಲ್ಲಿ ಅದು 47.4 ಆಗುತ್ತದೆ. ದೊರೆಯುವ ಬಲ ಅದರ ಐದನೆಯ ಒಂದು ಪಾಲು, ಅಂದರೆ ಶೇ. 9.5; ಕಾರು ಜಾರುತ್ತದೆ. ಐವರು ಕುಳಿತು ಡಿಕ್ಕಿ ತುಂಬಿದಾಗ ಹಿಂದಿನ ಪಾಲು 56ಕ್ಕೆ ಏರಿತೆನ್ನಿ. ಆಗ ಬಲ ಶೇ. 11.7, ಕಾರು ಹತ್ತುತ್ತದೆ.

ಮುಂಚಕ್ರ ಚಾಲನೆಯ ಕಾರಿನಲ್ಲಿ ಇದು ತಿರುವುಮುರುವು. ಹೋಲಿಕೆಗಾಗಿ ಅಷ್ಟೇ ಉದ್ದ, ಅಷ್ಟೇ ಎತ್ತರದ ಕಾರನ್ನು ತೆಗೆದುಕೊಳ್ಳೋಣ. ಖಾಲಿ ಇದ್ದಾಗ ಮುಂದೆ ಶೇ. 60 ಭಾರವಿದ್ದರೆ ಬಲ ಶೇ. 11.5, ಸಲೀಸು. ತುಂಬಿದಾಗ ಮುಂದಿನ ಪಾಲು 48ಕ್ಕೆ ಇಳಿದರೆ ಬಲ ಶೇ. 9.1, ಜಾರಾಟ.

ಅಂದಮೇಲೆ ಚಾಲಕರ ಮಾತು ಸುಳ್ಳಲ್ಲ. ಅದು ತುಂಬಿದ ಕಾರಿನ ಸತ್ಯ. ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೊರಟ ಮನೆಮಂದಿ, ಜೋಗ ನೋಡಲು ಹೊರಟವರು ಎಂದು ಬಾಡಿಗೆ ಕಾರು ಸಾಮಾನ್ಯವಾಗಿ ತುಂಬಿಯೇ ಓಡುತ್ತಿತ್ತು. ಇಬ್ಬರೋ ಮೂವರೋ ಕೂರುವ ಸ್ವಂತ ಕಾರಿಗೆ ಆ ಸತ್ಯ ಅನ್ವಯಿಸುವುದಿಲ್ಲ.

ಮಾರಾಟದ ಲೆಕ್ಕ

1959ರಲ್ಲಿ ಬ್ರಿಟನ್ನಿನಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂಚಕ್ರಗಳನ್ನೇ ಓಡಿಸಿತು. ಪ್ರೊಪೆಲ್ಲರ್ ಶಾಫ್ಟ್ ಹೋಯಿತು, ತೂಕ ಇಳಿಯಿತು, ಒಳಗೆ ಜಾಗ ಹೆಚ್ಚಿತು. ಆದರೆ ಹಳೆಯ ಕಾರನ್ನು ಹಾಗೆ ಮಾರ್ಪಡಿಸುವುದು ಸಣ್ಣ ಕೆಲಸವಲ್ಲ. ಗೇರ್‌ಪೆಟ್ಟಿಗೆ, ಮುಂದಿನ ಅಚ್ಚು, ಕವಚ, ಇವುಗಳನ್ನು ಮಾಡುವ ಯಂತ್ರಗಳು ಎಲ್ಲವೂ ಹೊಸದಾಗಬೇಕು. ಆ ವೆಚ್ಚವನ್ನು ಲಕ್ಷ ಕಾರುಗಳಿಗೆ ಹಂಚಿದರೆ ಒಂದೊಂದಕ್ಕೆ ಬೀಳುವುದು ಅಲ್ಪ. ಹತ್ತಿಪ್ಪತ್ತು ಸಾವಿರಕ್ಕೆ ಹಂಚಿದರೆ ತಾಳಲಾರದ ಹೊರೆ.

ಪರವಾನಗಿ ಯುಗದ ಭಾರತದಲ್ಲಿ 1980ರ ಸುಮಾರಿಗೆ ಎಲ್ಲ ಕಂಪೆನಿಗಳೂ ಸೇರಿ ವರ್ಷಕ್ಕೆ ತಯಾರಿಸುತ್ತಿದ್ದ ಕಾರುಗಳು ಐವತ್ತು ಸಾವಿರಕ್ಕಿಂತ ಕಡಿಮೆ. ಗ್ರಾಹಕರೇ ಸರದಿಯಲ್ಲಿ ಕಾಯುತ್ತಿದ್ದುದರಿಂದ ಬದಲಾಗುವ ಒತ್ತಡವೂ ಇರಲಿಲ್ಲ. 1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗಿಳಿಯಿತು. ಅಡ್ಡ ಎಂಜಿನ್, ಮುಂಚಕ್ರ ಚಾಲನೆ, ತೂಕ ಸುಮಾರು 650 ಕಿ.ಗ್ರಾಂ. ಅಂಬಾಸಿಡರಿನ ತೂಕ ಒಂದು ಟನ್ನಿಗೂ ಹೆಚ್ಚು. ಮಾರುತಿ ಸಂಸ್ಥೆ ಮೊದಲೇ ವರ್ಷಕ್ಕೆ ಒಂದು ಲಕ್ಷ ವಾಹನಗಳ ಗುರಿಯಿಟ್ಟುಕೊಂಡಿತ್ತು. 2014ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರುತಿ 800 ಮಾರಾಟವಾಗಿದ್ದವು.

ಹಿಂದೂಸ್ಥಾನ್ ಮೋಟಾರ್ಸ್ ಹಿಡಿದ ದಾರಿ ಬೇರೆ. ಬ್ರಿಟನ್ನಿನಲ್ಲಿ ಬಳಕೆ ಮುಗಿದಿದ್ದ ವಾಕ್ಸ್‌ಹಾಲ್ ಕಾರಿನ ಅಚ್ಚುಗಳನ್ನು ತಂದು 1984ರಲ್ಲಿ ಕಾಂಟೆಸ್ಸಾ ತಯಾರಿಸಿತು. ಅದೂ ಹಿಂಚಕ್ರ ಚಾಲನೆಯದೇ. ಮೊದಲಿಗೆ ಅದರಲ್ಲಿದ್ದುದು ಅಂಬಾಸಿಡರಿನ ಎಂಜಿನ್. ಹೊಸ ಹೂಡಿಕೆಯಿಲ್ಲದೆ ಹೊಸ ಕಾರು ಎಂಬ ಆ ಉಪಾಯ ಹೆಚ್ಚು ದೂರ ಸಾಗಲಿಲ್ಲ. 1998ರಲ್ಲಿ ಅದೇ ಕಂಪೆನಿ ಮಿತ್ಸುಬಿಷಿಯ ಮುಂಚಕ್ರ ಚಾಲನೆಯ ಲ್ಯಾನ್ಸರ್ ತಂದಿತು. ಅಂಬಾಸಿಡರ್ ಮಾತ್ರ ಹಾಗೆಯೇ ಉಳಿಯಿತು. ಮಾರಾಟ ಕುಗ್ಗಿದಂತೆ ಹೂಡಿಕೆಗೆ ಹಣವಿಲ್ಲ. ಹೂಡಿಕೆಯಿಲ್ಲದೆ ಮಾರಾಟ ಇನ್ನಷ್ಟು ಕುಗ್ಗಿತು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24 ಸಾವಿರವಿದ್ದ ಅಂಬಾಸಿಡರ್ ಮಾರಾಟ 2013-14ರಲ್ಲಿ ಎರಡು ಸಾವಿರ ಚಿಲ್ಲರೆಗೆ ಇಳಿಯಿತು. 2014ರ ಮೇ 24ರಂದು ಉತ್ತರಪಾಡದ ಕೆಲಸ ನಿಂತಾಗ ಎರಡು ಸಾವಿರಕ್ಕೂ ಹೆಚ್ಚು ನೌಕರರ ಜೀವನ ಅತಂತ್ರವಾಯಿತು.

ಪ್ರಶ್ನೆ ಮುಗಿದಿಲ್ಲ

ನಮ್ಮ ರಾಜ್ಯದ ಬಿಡದಿಯಲ್ಲಿ ಟೊಯೊಟಾ ಅನುಸರಿಸಿದ ನೀತಿಯನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ತುಂಬಿ ಓಡುವ ಕ್ವಾಲಿಸ್ (2000) ಮತ್ತು ಮೊದಲ ಇನ್ನೋವಾ (2005) ಗಾಡಿಗಳಿಗೆ ಹಿಂಚಕ್ರ ಚಾಲನೆ. ಕೊರೋಲಾ (2003), ಎಟಿಯೋಸ್ (2010) ಸೆಡಾನ್‌ಗಳಿಗೆ ಮುಂಚಕ್ರ ಚಾಲನೆ. ಬಳಕೆ ಯಾವುದೋ ಚಕ್ರ ಅದು. 2022ರಲ್ಲಿ ಇನ್ನೋವಾದ ಹೊಸ ರೂಪವಾದ ಹೈಕ್ರಾಸ್ ಸಹ ಮುಂಚಕ್ರಕ್ಕೆ ಹೊರಳಿತು.

ಈಗ ವಿದ್ಯುತ್ ಕಾರುಗಳ ಕಾಲ. ಪುಟ್ಟ ಮೋಟಾರನ್ನು ಹಿಂದಿನ ಅಚ್ಚಿನ ಬಳಿಯೇ ಕೂರಿಸಬಹುದಾದ್ದರಿಂದ ಉದ್ದನೆಯ ಶಾಫ್ಟಿನ ಅಗತ್ಯವೇ ಇಲ್ಲ. 2024ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಬಿವೈಡಿ ಸೀಲ್ ಸೆಡಾನಿನ ಕೆಲವು ಮಾದರಿಗಳು ಹಿಂಚಕ್ರ ಚಾಲನೆಯವು. ಹಿಂಚಕ್ರವನ್ನು ದುಬಾರಿ ಮಾಡಿದ್ದ ಕಾರಣವೇ ಇಲ್ಲವಾದಾಗ ಹಳೆಯ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ. ಅಂಬಾಸಿಡರನ್ನು ಸೋಲಿಸಿದ್ದು ಘಟ್ಟವಲ್ಲ, ಅದರ ಹಿಂಚಕ್ರವೂ ಅಲ್ಲ. ಹೊಸದಕ್ಕೆ ಹಣ ಹೂಡಬಹುದಾಗಿದ್ದ ವರ್ಷಗಳನ್ನು ಕಾಯುವ ಗ್ರಾಹಕರನ್ನು ನಂಬಿ ಕಳೆದದ್ದು.