ಗಂಟಲಿನ ಪೊರೆ, ಕಬ್ಬಿಣದ ಕೊರತೆ: ಕಾರಣದ ಜಾಡು

1919ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಪ್ಯಾಟರ್ಸನ್ ಮತ್ತು ಆಡಮ್ ಬ್ರೌನ್ ಕೆಲ್ಲಿ ಒಂದೇ ಬಗೆಯ ರೋಗಿಗಳ ಬಗ್ಗೆ ಬೇರೆ ಬೇರೆಯಾಗಿ ಬರೆದರು. ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ಬಿಳಿಚಿದ ಮುಖ, ನುಣುಪಾದ ನಾಲಗೆ, ಸೀಳಿದ ಬಾಯಂಚು. ಗಟ್ಟಿ ತುತ್ತು ಗಂಟಲಲ್ಲೇ ನಿಲ್ಲುತ್ತದೆ ಎಂಬ ದೂರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರ ಹೆಸರಿನಿಂದ ಈ ಲಕ್ಷಣಗಳ ಕೂಟ ಪ್ಲಮರ್-ವಿನ್ಸನ್ ಸಿಂಡ್ರೋಮ್ ಎಂದೂ ಪರಿಚಿತ.

ತುತ್ತನ್ನು ತಡೆಯುವುದು ಅನ್ನನಾಳದ ಮೇಲ್ತುದಿಯಲ್ಲಿ, ಸಾಮಾನ್ಯವಾಗಿ ಅದರ ಮುಂಬದಿಯಿಂದ ಚಾಚಿರುವ ತೆಳುಪೊರೆ. ಬೇರಿಯಂ ಕುಡಿಸಿ ಪಕ್ಕದಿಂದ ಎಕ್ಸ್‌ರೇ ತೆಗೆದರೆ ಚೆನ್ನಾಗಿ ಕಾಣುತ್ತದೆ. ಎಂಡೋಸ್ಕೋಪ್ ಇಳಿಸುವಾಗಲೇ ಅದು ಹರಿದು, ಕಣ್ತಪ್ಪುವುದೂ ಉಂಟು.

ಈ ರೋಗಿಗಳಿಗೆ ಕಬ್ಬಿಣದ ಕೊರತೆಯೂ ಇರುತ್ತದೆ. ಕಬ್ಬಿಣ ತಗ್ಗಿದರೆ ಅದನ್ನು ಅವಲಂಬಿಸಿದ ಕಿಣ್ವಗಳು ಸೊರಗುತ್ತವೆ, ಬೇಗ ಬೇಗ ಹೊಸದಾಗಬೇಕಾದ ಗಂಟಲಿನ ಒಳಪದರ ಕ್ಷೀಣಿಸುತ್ತದೆ ಎಂಬುದು ಹಳೆಯ ವಿವರಣೆ. ಕಬ್ಬಿಣದ ಮಾತ್ರೆಯಿಂದಲೇ ಹಲವರಿಗೆ ನುಂಗುವುದು ಸಲೀಸಾಗುವುದು ಇದಕ್ಕೆ ಬಲ ಕೊಡುತ್ತದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದರಲ್ಲಿ ಕಬ್ಬಿಣದ ಕೊರತೆಯ ಪಾಲು ದೊಡ್ಡದು. ಪೊರೆ ಮಾತ್ರ ಅಪರೂಪ. ಕೊರತೆಯೊಂದೇ ಕಾರಣವೆಂದು ನಾನು ಒಪ್ಪಲಾರೆ.

ಇಲ್ಲಿಯೇ ದೇಹ ತನ್ನ ಮೇಲೆ ತಾನೇ ಎರಗುವ ಆಟೋಇಮ್ಯೂನ್ ಕಾಯಿಲೆಗಳು ಗಮನ ಸೆಳೆಯುತ್ತವೆ. ಈ ರೋಗಿಗಳಲ್ಲಿ ಕೆಲವರಿಗೆ ಸೀಲಿಯಾಕ್ ಕಾಯಿಲೆ, ಥೈರಾಯ್ಡ್ ತೊಂದರೆ, ಸಂಧಿವಾತ ಕಂಡುಬಂದಿವೆ. ಸೀಲಿಯಾಕ್‌ನ ನಂಟು ಸ್ಪಷ್ಟ: ಕಬ್ಬಿಣ ಹೀರುವ ಸಣ್ಣಕರುಳಿನ ಮೊದಲ ಭಾಗವೇ ಗೋಧಿಯ ಗ್ಲೂಟೆನ್ನಿನಿಂದ ಹಾಳಾಗಿರುತ್ತದೆ. ಜಠರದ ಆಮ್ಲಕೋಶಗಳ ಮೇಲೆ ದೇಹವೇ ಎರಗಿದಾಗಲೂ ಫಲ ಅದೇ. ಆಮ್ಲ ಸಾಲದೆ ಸೊಪ್ಪು, ಕಾಳು, ರಾಗಿಯ ಕಬ್ಬಿಣ ಹೀರುವ ರೂಪಕ್ಕೆ ಸರಿಯಾಗಿ ಬರುವುದಿಲ್ಲ. ಆದರೆ ಗಂಟಲಿನ ಪದರದ ಮೇಲೆಯೇ ಇಂಥ ದಾಳಿ ನಡೆದು ಪೊರೆ ಹುಟ್ಟುತ್ತದೆ ಎಂಬುದು ಇನ್ನೂ ಊಹೆ. ಕಬ್ಬಿಣ ಹೀರುವುದು ಕುಗ್ಗುವುದನ್ನೂ ಈ ಊಹೆಯನ್ನೂ ಬೆರೆಸಬಾರದು. ಇನ್ನು ಆಟೋಇಮ್ಯೂನ್ ಕಾಯಿಲೆಗಳೇ ಆದ ಶೋಗ್ರೆನ್‌ನಲ್ಲಿ ಜೊಲ್ಲು ಒಣಗಿ, ಸ್ಕ್ಲೀರೋಡರ್ಮಾದಲ್ಲಿ ಅನ್ನನಾಳದ ಕೆಳಭಾಗದ ಸ್ನಾಯು ಸೋತು ನುಂಗಲು ಕಷ್ಟವಾಗುತ್ತದೆ. ಅವಕ್ಕೆ ಪೊರೆ ಬೇಕಿಲ್ಲ.

ಪೊರೆಯಿದ್ದವರಲ್ಲಿ ಆ ಜಾಗದ ಕ್ಯಾನ್ಸರ್ ಸಂಭವ ಹೆಚ್ಚು. ಸ್ವೀಡನ್ನಿನ ವೈದ್ಯ ಆಲ್ಬೊಮ್ 1936ರಲ್ಲೇ ಈ ನಂಟನ್ನು ತೋರಿಸಿದ್ದರು. ಆದ್ದರಿಂದ ನುಂಗುವುದು ಸರಿಯಾಯಿತೆಂದು ರೋಗಿಯನ್ನು ಬಿಟ್ಟುಬಿಡುವಂತಿಲ್ಲ. ಮುಟ್ಟಿನ ಅತಿಸ್ರಾವ, ಹೊಟ್ಟೆಯೊಳಗಿನ ರಕ್ತಸ್ರಾವ ಇಲ್ಲದೆ, ಮಾತ್ರೆ ತಪ್ಪದೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ಸೀಲಿಯಾಕ್‌ನ ರಕ್ತಪರೀಕ್ಷೆ ಆಗಲೇಬೇಕು. ಪೊರೆ ಹಿಗ್ಗಿಸಲು ಎಂಡೋಸ್ಕೋಪ್ ಇಳಿಸಿದಾಗಲೇ ಜಠರದಿಂದಲೂ ಸಣ್ಣಕರುಳಿನಿಂದಲೂ ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು.