ಹುದ್ದೆ ಭರ್ತಿಯಾಗಿದೆ

ಇ-ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮಹಿಳಾ ವಿಭಾಗದವರು ಕೇಳಿದಾಗ, ಪತ್ರೊಡೆ ಮಾಡುವ ಬಗೆಯನ್ನೋ ಊರಿನ ಮಳೆಗಾಲವನ್ನೋ ಬರೆದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ತಂಗಿಯ ಮಗಳಿಗೆ ಕೆಲಸ ಸಿಕ್ಕಿತು. ವಿಮಾನ ನಡೆಸುವ ಕೆಲಸ. ಅದೂ ನಾವು ನೀವು ಟಿಕೆಟ್ ಕೊಂಡು ಹತ್ತುವ ವಿಮಾನವಲ್ಲ; ಒಂದು ಕಂಪೆನಿ ತನ್ನ ಯಜಮಾನರಿಗಾಗಿ, ದೊಡ್ಡ ಅಧಿಕಾರಿಗಳಿಗಾಗಿ ಇಟ್ಟುಕೊಂಡಿರುವ ಸಣ್ಣ ಜೆಟ್. ಮನೆಯವರೆಲ್ಲ ಪೇಡಾ ಹಂಚುತ್ತಿದ್ದಾಗ ನನಗೆ ಮಾತ್ರ 1983ರ ಒಂದು ಕಾಗದ ನೆನಪಾಯಿತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಆಗ ನಾವಿದ್ದದ್ದು ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರ, ಲ್ಯಾಮಿಂಗ್ಟನ್ ರೋಡ್ ಕಡೆಯ ಒಂದು ಚಾಳಿನಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನ ಕ್ಯಾಶಿನಲ್ಲಿ ಕೂತವರು. ಎಸ್ಸೆಸ್ಸಿ ಮುಗಿದ ಕೂಡಲೇ ನನ್ನನ್ನು ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕ್ಲಾಸಿಗೆ ಸೇರಿಸಿದರು. ನಮ್ಮ ಚಾಳಿನ ಅರ್ಧ ಹುಡುಗಿಯರು ಹಾಗೆಯೇ ಫೋರ್ಟಿನ ಆಫೀಸುಗಳಿಗೆ ಹೋದವರು. ನಾನು ಸ್ಟೆನೋ ಆಗಿ ಸೇರಿದ ಕಂಪೆನಿಗೆ (ಹೆಸರು ಬೇಡ) ಸ್ವಂತದ್ದೊಂದು ಪುಟ್ಟ ವಿಮಾನವಿತ್ತು. ಅದಕ್ಕೆ ಇನ್ನೊಬ್ಬ ಪೈಲಟ್ ಬೇಕಾಗಿದ್ದರು. ಪೇಪರಿನಲ್ಲಿ ಜಾಹೀರಾತು ಕೊಟ್ಟಿರಲಿಲ್ಲ. ಅಂಥ ಕೆಲಸದ ಸುದ್ದಿ ಹರಡುವುದು ಬಾಯಿಂದ ಬಾಯಿಗೆ. ಯಾರ ಬಾಯಿಂದಲೋ ಕೇಳಿ ಒಬ್ಬ ಹುಡುಗಿ ಅರ್ಜಿ ಹಾಕಿದ್ದಳು. ಲೈಸೆನ್ಸ್ ಇತ್ತು, ಹಾರಿದ ಗಂಟೆಗಳ ಲೆಕ್ಕ ಇತ್ತು, ಅಕ್ಷರ ದುಂಡಗಿತ್ತು. ನಮ್ಮ ಸಾಹೇಬರು ಅರ್ಜಿ ನೋಡಿ ನಕ್ಕರು. ಕೆಟ್ಟ ನಗು ಅಲ್ಲ, ಮಕ್ಕಳ ಚಿತ್ರ ನೋಡಿದಾಗ ಬರುವಂಥ ನಗು. ‘ಹುದ್ದೆ ಭರ್ತಿಯಾಗಿದೆ ಅಂತ ಬರೆದುಬಿಡಿ’ ಎಂದರು. ನಾನು ಬರೆದೆ. ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಿ ಒಂದನ್ನು ಫೈಲಿಗೆ ಹಾಕಿದೆ. ಮೂರು ತಿಂಗಳ ಮೇಲೆ ವಾಯುಪಡೆಯಿಂದ ನಿವೃತ್ತರಾದವರೊಬ್ಬರು ಆ ಹುದ್ದೆಗೆ ಬಂದರು. ಅವರ ನೇಮಕದ ಪತ್ರವನ್ನೂ ನಾನೇ ಟೈಪ್ ಮಾಡಿದೆ.

ಆ ದಿನಗಳಲ್ಲಿ ನನಗೇನೂ ಅನ್ನಿಸಿರಲಿಲ್ಲ. ಹೆಂಗಸು ವಿಮಾನ ನಡೆಸುವುದು ಹೊಸ ಹುಚ್ಚು, ಸಾಹೇಬರು ಹೇಳಿದ್ದು ಸರಿ ಎಂದೇ ತಿಳಿದಿದ್ದೆ. ಅದು ಹೊಸದಲ್ಲ ಎಂದು ಗೊತ್ತಾದದ್ದು ನಿವೃತ್ತಿಯ ನಂತರ, ತಂಗಿಯ ಮಗಳು ಪೈಲಟ್ ಆಗುತ್ತೇನೆ ಎಂದು ಹಟ ಹಿಡಿದಾಗ. ಅವಳಿಗೆ ಬುದ್ಧಿ ಹೇಳಲು ಓದತೊಡಗಿದೆ. ಓದುತ್ತ ಹೋದಂತೆ ಬುದ್ಧಿ ಹೇಳುವ ಕೆಲಸ ಬಿಟ್ಟೆ.

ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿ ವಿಲೇಪಾರ್ಲೆಯಲ್ಲಿ ಇಳಿದರೆ ಜುಹೂ ವಿಮಾನ ನಿಲ್ದಾಣ ದೂರವಿಲ್ಲ. 1928ರಲ್ಲಿ ಶುರುವಾದದ್ದು, ನಾಗರಿಕ ವಿಮಾನಗಳಿಗೆ ನಮ್ಮ ದೇಶದ ಮೊದಲ ತಾಣ. 1929ರ ಫೆಬ್ರವರಿಯಲ್ಲಿ ಜೆ.ಆರ್.ಡಿ. ಟಾಟಾ ಭಾರತದ ಒಂದನೇ ನಂಬರಿನ ಪೈಲಟ್ ಲೈಸೆನ್ಸ್ ಪಡೆದರು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ಚೀಲ ಹೊತ್ತು ಜುಹೂವಿನಲ್ಲಿ ಇಳಿದರು. ಈ ಕಥೆ ಎಲ್ಲರಿಗೂ ಗೊತ್ತು. ಅದೇ 1932ರಲ್ಲಿ ಊರ್ಮಿಳಾ ಪಾರಿಖ್ ಎಂಬ ಮಹಿಳೆಗೂ ಲೈಸೆನ್ಸ್ ಸಿಕ್ಕಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1936ರಲ್ಲಿ ಸರಳಾ ಠಕ್ರಾಲ್ ಇಪ್ಪತ್ತೊಂದನೇ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡೇ, ಒಬ್ಬರೇ ವಿಮಾನ ಹಾರಿಸಿದರು. ಆಗಲೇ ಅವರಿಗೆ ಒಂದು ಮಗುವಿತ್ತು. ಹಾರುವುದನ್ನೇ ಉದ್ಯೋಗ ಮಾಡಿಕೊಳ್ಳಲು ಬೇರೆ ಲೈಸೆನ್ಸ್ ಬೇಕು. ಅದರ ತಯಾರಿಗೆ ಹೊರಟಾಗ ಪೈಲಟ್ ಆಗಿದ್ದ ಗಂಡ 1939ರ ಅಪಘಾತದಲ್ಲಿ ತೀರಿಕೊಂಡರು, ಯುದ್ಧ ಶುರುವಾಗಿ ತರಬೇತಿಯೂ ನಿಂತಿತು. ಅವರು ಲಾಹೋರಿಗೆ ಹೋಗಿ ಚಿತ್ರಕಲೆ ಕಲಿತು, ಮುಂದೆ ಸೀರೆ, ಆಭರಣಗಳ ವಿನ್ಯಾಸ ಮಾಡಿ ಬದುಕಿದರು.

ಲೈಸೆನ್ಸಿಗಾದರೆ ಪರೀಕ್ಷೆ ಇದೆ, ಪಾಸಾದವರಿಗೆ ಕೊಡಲೇಬೇಕು. ಕೆಲಸಕ್ಕೆ ಹಾಗಿಲ್ಲ. ಅದು ಪ್ರೇಮ್ ಮಾಥುರ್ ಅವರ ಬದುಕಿನಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ನನಗೆ ಕಾಣಲಿಲ್ಲ. 1947ರಲ್ಲಿ ಅಲಹಾಬಾದಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು ಉದ್ಯೋಗದ ಲೈಸೆನ್ಸ್ ಪಡೆದ ಇವರು ಎಂಟು ಖಾಸಗಿ ವಿಮಾನ ಕಂಪೆನಿಗಳ ಬಾಗಿಲು ತಟ್ಟಿದರು. ಎಂಟೂ ಕಡೆ ಇಲ್ಲ ಎಂದರು. ಹೆಂಗಸು ನಡೆಸುತ್ತಾಳೆ ಎಂದು ಗೊತ್ತಾದರೆ ಪ್ರಯಾಣಿಕರು ಹತ್ತುವುದಿಲ್ಲ ಎಂಬುದು ಕಾರಣ. ಕೊನೆಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್, ಅದೂ ಸಹ ಪೈಲಟ್ ಆಗಿ. ನಡುವೆ 1949ರಲ್ಲಿ ರಾಷ್ಟ್ರೀಯ ವಿಮಾನ ಸ್ಪರ್ಧೆಯಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಗೆದ್ದರು. ಆದರೂ ಡೆಕ್ಕನ್‌ನವರು ಎಡಗಡೆಯ ಸೀಟು, ಅಂದರೆ ಕ್ಯಾಪ್ಟನ್ನಿನ ಜಾಗ, ಕೊಡಲಿಲ್ಲ. ಆಗ ಅವರು ಆ ಕೆಲಸ ಬಿಟ್ಟು ದಿಲ್ಲಿಗೆ ಹೋಗಿ ಉದ್ಯಮಿ ಜಿ.ಡಿ. ಬಿರ್ಲಾ ಅವರ ಖಾಸಗಿ ವಿಮಾನದ ಪೈಲಟ್ ಆದರು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಕೂತೆ. ನನ್ನ ಸಾಹೇಬರು ನಕ್ಕು ಬದಿಗಿಟ್ಟದ್ದು ಇದೇ ಕೆಲಸ! ಅದಕ್ಕಿಂತ ಮೂವತ್ತು ವರ್ಷ ಮೊದಲೇ, ಅವರಿಗಿಂತ ಎಷ್ಟೋ ಪಾಲು ದೊಡ್ಡ ವ್ಯವಹಾರಸ್ಥರು ಹೆಣ್ಣುಮಗಳೊಬ್ಬಳ ಕೈಗೆ ತಮ್ಮ ಜೀವ ಕೊಟ್ಟು ಹಿಂದೆ ಕೂತಿದ್ದರು. ಯೋಚಿಸಿ ನೋಡಿ. ದೊಡ್ಡ ವಿಮಾನ ಕಂಪೆನಿ ಪ್ರಯಾಣಿಕರ ಭಯದ ನೆಪ ಹೇಳಬಹುದು. ಆ ಪ್ರಯಾಣಿಕರನ್ನು ಯಾರೂ ಕೇಳಿರುವುದಿಲ್ಲ. ಖಾಸಗಿ ವಿಮಾನದಲ್ಲಿ ಪ್ರಯಾಣಿಕರೇ ಯಜಮಾನರು. ಅವರೊಬ್ಬರು ಹೂಂ ಎಂದರೆ ಮುಗಿಯಿತು. ಊಹೂಂ ಎಂದರೂ ಮುಗಿಯಿತು. ಆಮೇಲೆ ಕೇಳಲು ಯೂನಿಯನ್ ಇಲ್ಲ, ಪಟ್ಟಿ ಇಲ್ಲ, ಸೀನಿಯಾರಿಟಿ ಇಲ್ಲ.

(ಯೂನಿಯನ್ ಇದ್ದರೂ ಅದು ಯಾರ ಕಡೆ ಎನ್ನುವುದು ಬೇರೆ ಮಾತು. ಅಮೆರಿಕದಲ್ಲಿ 1934ರಲ್ಲಿ ಸೆಂಟ್ರಲ್ ಏರ್‌ಲೈನ್ಸ್ ಹೆಲೆನ್ ರಿಚಿ ಎಂಬಾಕೆಯನ್ನು ಸೇರಿಸಿಕೊಂಡಾಗ ಪೈಲಟ್‌ಗಳ ಸಂಘವೇ ಅವಳಿಗೆ ಸದಸ್ಯತ್ವ ಕೊಡಲಿಲ್ಲ. ಮರುವರ್ಷ ಆಕೆ ಕೆಲಸ ಬಿಟ್ಟಳು.)

1953ರಲ್ಲಿ ಸರ್ಕಾರ ವಿಮಾನ ಕಂಪೆನಿಗಳನ್ನು ರಾಷ್ಟ್ರೀಕರಣ ಮಾಡಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಾಗ ಪ್ರೇಮ್ ಮಾಥುರ್ ಅಲ್ಲಿಗೆ ಸೇರಿದರು. ಆದರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ದುರ್ಬಾ ಬ್ಯಾನರ್ಜಿ ಎಂಬ ಬಂಗಾಳದ ಪೈಲಟ್ ಕೆಲಸ ಕೇಳಲು ಹೋದಾಗ ಆಗಿನ ಸಚಿವರು ಗಗನಸಖಿಯ ಕೆಲಸ ಕೊಡಲೇ ಎಂದರಂತೆ. ಅವರು ಖಾಸಗಿ ಸರ್ವೇ ಕಂಪೆನಿಯಲ್ಲಿ ಡಕೋಟಾ ನಡೆಸುತ್ತ ಕಾದು, 1966ರಲ್ಲಿ ಇಂಡಿಯನ್ ಏರ್‌ಲೈನ್ಸಿಗೆ ಸೇರಿದರು. ಅವರನ್ನೂ ಉಳಿಸಿದ್ದು ಸಣ್ಣ ಬಾಗಿಲೇ.

ಇನ್ನು ನಮ್ಮವರ ವಿಷಯ. ಅದು ನಮ್ಮ ಮೈಸೂರಿನದು, ಹಾಗಾಗಿ ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತೇನೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾದದ್ದು 1948ರಲ್ಲಿ. ಅಲ್ಲಿ 1949ರಲ್ಲಿ ಪಾಸಾದವರಲ್ಲಿ ಮೊದಲಿಗರು ಉಷಾ ಸುಂದರಂ. ಗಂಡ ವಿ. ಸುಂದರಂ ಮೈಸೂರು ಮಹಾರಾಜರ ಡಕೋಟಾ ವಿಮಾನದ ಪೈಲಟ್. ಉಷಾ ಪಕ್ಕದ ಸೀಟಿನಲ್ಲಿ. ಸಂಸ್ಥಾನಗಳ ವಿಲೀನದ ಆ ದಿನಗಳಲ್ಲಿ ಸರ್ದಾರ್ ಪಟೇಲರನ್ನು ಊರೂರಿಗೆ ಕರೆದೊಯ್ದದ್ದು ಈ ದಂಪತಿ. ನೆಹರೂ ಕೂಡ ಇವರ ವಿಮಾನದಲ್ಲಿ ಪ್ರಯಾಣಿಸಿದ್ದರು. 1950ರ ಸುಮಾರಿಗೆ ಮದ್ರಾಸ್ ಸರ್ಕಾರ ಕೊಂಡ ಡವ್ ವಿಮಾನವನ್ನು ತರಲು ಇಂಗ್ಲೆಂಡಿಗೆ ಹೋಗಿ, ಇಬ್ಬರೇ ಅದನ್ನು ನಡೆಸಿಕೊಂಡು 27 ಗಂಟೆಗಳಲ್ಲಿ ನಮ್ಮ ಬೊಂಬಾಯಿಗೆ ತಲುಪಿದರು. ಆ ಕಾಲಕ್ಕೆ ಅದು ದಾಖಲೆ. ಗಂಡ ಪೈಲಟ್ ಆಗಿದ್ದರಿಂದ ಹೆಂಡತಿಗೆ ಸೀಟು ಸಿಕ್ಕಿತು ಎಂದು ಹೇಳುವವರಿದ್ದಾರೆ. ಇರಲಿ. ಹಾಗಾದರೆ ಸೋದರಮಾವನ ಶಿಫಾರಸಿನಿಂದ, ಕ್ಯಾಪ್ಟನ್ ಗೆಳೆಯನ ಮಾತಿನಿಂದ ಬಂದ ಗಂಡಸರ ಲೆಕ್ಕವನ್ನೂ ತೆಗೆಯೋಣ. ಮುಂದೆ ಮದ್ರಾಸಿನಲ್ಲಿ ಇದೇ ದಂಪತಿ ಪ್ರಾಣಿಗಳಿಗಾಗಿ ಬ್ಲೂ ಕ್ರಾಸ್ ಕಟ್ಟಿದರು. ಜನರಿಗೆ ಅವರ ಹೆಸರು ಈಗ ನೆನಪಿರುವುದು ಹೆಚ್ಚಾಗಿ ಅದರಿಂದಲೇ.

ಇವತ್ತು ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು 15% ಮಹಿಳೆಯರು. ಬಹುತೇಕ ದೇಶಗಳಿಗಿಂತ ಇದು ಹೆಚ್ಚು. ಆದರೆ ಇವರಲ್ಲಿ ಹೆಚ್ಚಿನವರು ದೊಡ್ಡ ಏರ್‌ಲೈನುಗಳಲ್ಲಿದ್ದಾರೆ. ಅಲ್ಲಿ ಸಾವಿರಾರು ಜನ ಬರೆಯುವ ಪರೀಕ್ಷೆ, ಸಿಮ್ಯುಲೇಟರ್, ರ‍್ಯಾಂಕ್ ಪಟ್ಟಿ ಇವೆ. ಕಂಪೆನಿ ಜೆಟ್ಟುಗಳದು ಇನ್ನೂ ಬಾಯಿಂದ ಬಾಯಿಗೇ. 200 ಗಂಟೆ ಹಾರಿ ಲೈಸೆನ್ಸ್ ತೆಗೆದುಕೊಂಡು ಬಂದರೆ, ‘ಗಂಟೆ ಸಾಲದು, ಅನುಭವ ತನ್ನಿ’ ಎನ್ನುತ್ತಾರೆ. ಅನುಭವ ಎಲ್ಲಿಂದ ತರುವುದು ಎಂದರೆ ಉತ್ತರವಿಲ್ಲ. ಆಯಾ ಮಾದರಿಯ ಜೆಟ್ಟಿಗೆ ಬೇರೆ ತರಬೇತಿ ಬೇಕು, ಅದರ ಖರ್ಚು ಎಷ್ಟೋ ಸಲ ತಲೆಯ ಮೇಲೆಯೇ. ಕೆಲಸವೂ ಬೇರೆ ತೆರ. ಟೈಮ್‌ಟೇಬಲ್ ಇಲ್ಲ. ಮಧ್ಯರಾತ್ರಿ ಫೋನ್ ಬಂದರೆ ಬೆಳಿಗ್ಗೆ ಹೊರಡಬೇಕು. ಹವಾಮಾನ, ಇಂಧನ, ಇಳಿಯುವ ಅನುಮತಿ ನೋಡಿಕೊಂಡು, ಎಷ್ಟೋ ಸಲ ಸಾಹೇಬರ ಸೂಟ್‌ಕೇಸನ್ನೂ ತಾವೇ ಒಳಗಿಡಬೇಕು. ನಮ್ಮ ಹುಡುಗಿಗೆ ಒಂದು ಕಡೆ ಇಂಟರ್‌ವ್ಯೂನಲ್ಲಿ ಕೇಳಿದ ಮೊದಲ ಪ್ರಶ್ನೆ, ಮದುವೆ ಯಾವಾಗ. ಇನ್ನೊಂದು ಕಡೆ, ‘ನಮ್ಮ ಯಜಮಾನರ ಮನೆಯವರು ಒಪ್ಪಲಿಕ್ಕಿಲ್ಲ’ ಎಂದರಂತೆ. ಎರಡೂ ಕಡೆಯ ಹೆಸರು ನನ್ನಲ್ಲೇ ಇರಲಿ. ಅವಳು ಎರಡು ವರ್ಷ ಕಾದಳು. ಸಾಲದ ಕಂತು ಕಟ್ಟಲು ಮಕ್ಕಳಿಗೆ ಗಣಿತ, ಭೌತಶಾಸ್ತ್ರ ಟ್ಯೂಷನ್ ಹೇಳಿದಳು. ನನ್ನ ಬಳೆಗಳೂ ಬ್ಯಾಂಕಿಗೆ ಹೋದವು. ಯಾಕೆ ಕೊಟ್ಟೆ ಎಂದು ತಂಗಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಮೂರನೇ ಇಂಟರ್‌ವ್ಯೂಗೆ ನಾನೂ ಅವಳ ಜೊತೆ ಹೋದೆ. ಗ್ರಾಂಟ್ ರೋಡಿನಿಂದ ಸ್ಲೋ ಲೋಕಲ್ ಹಿಡಿದೆವು. ಅವಳು ಒಳಗೆ ಹೋದ ಮೇಲೆ ನಾನು ರಿಸೆಪ್ಷನ್ನಿನಲ್ಲಿ ಕೂತೆ. ಕಂಪ್ಯೂಟರ್ ಮುಂದೆ ಇಪ್ಪತ್ತೈದರ ಹುಡುಗಿಯೊಬ್ಬಳು ಏನೋ ಟೈಪ್ ಮಾಡುತ್ತಿದ್ದಳು. ಅವಳ ಬೆರಳುಗಳನ್ನೇ ನೋಡುತ್ತ ಕೂತೆ. ಬೇಡದ ಪತ್ರ ಬಂದರೆ ಅದನ್ನು ಟೈಪ್ ಮಾಡುವವಳು ಇವಳೇ ಇರಬೇಕು. ಮಾತಾಡಿಸಬೇಕು ಅನ್ನಿಸಿತು, ಏನು ಹೇಳುವುದೆಂದು ತಿಳಿಯದೆ ಸುಮ್ಮನಾದೆ. ಮುಕ್ಕಾಲು ಗಂಟೆಯ ನಂತರ ನಮ್ಮವಳು ಹೊರಬಂದಳು.

‘ಎಂತ ಆಯ್ತು?’ ಎಂದೆ.

‘ಮದುವೆ ಬಗ್ಗೆ ಕೇಳಲೇ ಇಲ್ಲ ದೊಡ್ಡಮ್ಮ. ಮಳೆಗಾಲದಲ್ಲಿ ರನ್‌ವೇ ಕಾಣದಿದ್ದರೆ ಯಜಮಾನರು ಇಳಿಸು ಅಂದರೂ ವಾಪಸ್ ತಿರುಗಿಸ್ತೀಯಾ ಅಂತ ಕೇಳಿದ್ರು. ತಿರುಗಿಸ್ತೇನೆ ಅಂದೆ.’

ಹತ್ತು ದಿನಕ್ಕೆ ಪತ್ರ ಬಂತು. ಸಹ ಪೈಲಟ್, ಆರು ತಿಂಗಳು ಪ್ರೊಬೇಷನ್. ಮೊದಲ ಹಾರಾಟ ಮುಗಿಸಿ ಬಂದ ರಾತ್ರಿ ಫೋನ್ ಮಾಡಿದಳು. ಎಲ್ಲಿಗೆ ಹೋಗಿದ್ದೆ, ಯಾರಿದ್ದರು ಎಂದು ಕೇಳಿದೆ.

‘ಅದೆಲ್ಲ ಹೇಳೋ ಹಾಗಿಲ್ಲ ದೊಡ್ಡಮ್ಮ’ ಎಂದಳು. ‘ಊಟಕ್ಕೆ ಎಂತ ಮಾಡಿದ್ದೀರಿ, ಅದು ಹೇಳಿ.’