ಮಸಿಯ ಲೆಕ್ಕ ಹಿಡಿದ ಸತೀಶ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಸ್.ಕೆ. ಸತೀಶ್ ಅವರ ಸಂಶೋಧನೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು, ಅಂದರೆ ಏರೋಸಾಲ್‌ಗಳನ್ನು ಕುರಿತದ್ದು. ಸೌದೆ ಒಲೆ, ಡೀಸೆಲ್ ವಾಹನಗಳು ಉಗುಳುವ ಕಪ್ಪು ಇಂಗಾಲ (ಮಸಿ ಎಂದರೂ ಸರಿಯೇ) ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಕೆಳಗಿನ ನೆಲ, ಕಡಲಿಗೆ ತಲುಪುವ ಬಿಸಿಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹಿಂದೂ ಮಹಾಸಾಗರದ ಮೇಲೆ 1998 ಮತ್ತು 1999ರಲ್ಲಿ ನಡೆದ ಅಳತೆಗಳನ್ನು ಆಧರಿಸಿ ಅವರು ವಿ. ರಾಮನಾಥನ್ ಜೊತೆ 2000ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪ್ರಬಂಧ ಮಹತ್ವದ್ದು. ವಾತಾವರಣದ ಮೇಲ್ತುದಿಯಲ್ಲಿ ಕಾಣುವುದಕ್ಕಿಂತ ಸುಮಾರು ಮೂರು ಪಟ್ಟು ಪರಿಣಾಮ ಕಡಲ ಮೇಲ್ಮೈಯಲ್ಲಿ ಆಗುತ್ತಿತ್ತು. ಮೇಲಿನ ಲೆಕ್ಕವನ್ನಷ್ಟೇ ನಂಬಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕಡಲಿನ ಆವಿ, ಮುಂಗಾರಿನ ಲೆಕ್ಕಾಚಾರಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಸತೀಶ್ ಅವರಿಗೆ 2009ರಲ್ಲಿ ಭಟ್ನಾಗರ್, 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಸಂದಿವೆ.